ವಾಚು ಮೂಕವಾದಾಗ: ಹತ್ತು ಮಿಲಿಮೀಟರಿನ ಮೋಟಾರಿನ ಜೊತೆ ಒಂದು ತಿಂಗಳು

ಮೊದಲು ತಪ್ಪಿದ್ದು ಬೆಳಗಿನ 4.45ರ ಅಲಾರಂ. ನಮ್ಮ ಮನೆಯಲ್ಲಿ ಫೋನಿನ ಅಲಾರಂ ಇಡುವಂತಿಲ್ಲ. ಅದು ಹೊಡೆದರೆ ಮಗಳು ಎದ್ದು ಕೂರುತ್ತಾಳೆ, ಆಮೇಲೆ ನನ್ನ ಓಟದ ಕಥೆ ಅಷ್ಟೇ. ಹಾಗಾಗಿ ಮೂರು ವರ್ಷಕ್ಕೂ ಜಾಸ್ತಿ ದಿನದಿಂದ ನನ್ನನ್ನು ಎಬ್ಬಿಸುತ್ತಿದ್ದುದು ಕೈಗೆ ಕಟ್ಟಿದ ಸ್ಪೋರ್ಟ್ಸ್ ವಾಚು. ಸದ್ದಿಲ್ಲ, ಗದ್ದಲವಿಲ್ಲ, ಮಣಿಕಟ್ಟಿನ ಮೇಲೆ ಝುಂ ಝುಂ ಅಂತ ಎರಡು ಸಲ. ಆ ದಿನ ಎಚ್ಚರವಾದಾಗ ಹಾಲಿನವನು ಬಂದು ಹೋಗಿಯಾಗಿತ್ತು.

ಅಲಾರಂ ಇಡುವುದನ್ನು ನಾನೇ ಮರೆತಿರಬೇಕು ಅಂದುಕೊಂಡೆ. ಎರಡು ದಿನ ಬಿಟ್ಟು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಇಂಟರ್ವಲ್ ಓಡುತ್ತಿದ್ದೆ. 400 ಮೀಟರ್ ಜೋರು, ಎರಡು ನಿಮಿಷ ನಿಧಾನ. ಅಲ್ಲಿ ಗೆರೆ ಹಾಕಿದ ಟ್ರ್ಯಾಕ್ ಇಲ್ಲ, ಲೆಕ್ಕವೆಲ್ಲ ವಾಚಿನದೇ. ಓಡಿದೆ, ಓಡಿದೆ, ವಾಚು ಸುಮ್ಮನಿದೆ. ಎದೆ ಬಾಯಿಗೆ ಬಂದ ಮೇಲೆ ಕೈ ಎತ್ತಿ ನೋಡಿದರೆ 600 ಮೀಟರ್ ದಾಟಿ, ಪರದೆ ಮೇಲೆ ವಿಶ್ರಾಂತಿಯ ಸಮಯ ಓಡುತ್ತಿದೆ. ಆಗ ಗೊತ್ತಾಯಿತು, ತಪ್ಪು ನನ್ನದಲ್ಲ.

ಈಗ ಯೋಚಿಸಿದರೆ ಅದು ಮುಂಚೆಯೇ ಸುಳಿವು ಕೊಟ್ಟಿತ್ತು. ಒಂದೆರಡು ತಿಂಗಳಿಂದ ಅದರ ದನಿ ಬದಲಾಗಿತ್ತು. ಝುಂ ಅನ್ನುವ ಬದಲು ಗರ್‌ಗರ್ ಅನ್ನುತ್ತಿತ್ತು, ಬೆಂಕಿಪೊಟ್ಟಣದಲ್ಲಿ ಹಾಕಿಟ್ಟ ಜೀರುಂಡೆಯ ಹಾಗೆ. ನಾನು ಪಟ್ಟಿ ಸಡಿಲವಾಗಿದೆ ಅಂತ ಒಂದು ತೂತು ಬಿಗಿ ಮಾಡಿ ಸುಮ್ಮನಾಗಿದ್ದೆ.

ಬಿಚ್ಚುವ ಮೊದಲು ಸೆಟ್ಟಿಂಗ್ ನೋಡಿದೆ. ಇದನ್ನು ಹೇಳಲು ನಾಚಿಕೆಯೇನಿಲ್ಲ. ವಾಚನ್ನು ಅಲುಗಿಸುವ ಮೋಟಾರ್ ಹೋಯಿತು ಅಂತ ಗೋಳಾಡಿದ ಇಬ್ಬರು ಗೆಳೆಯರ ವಾಚು ನಾನೇ ಹೀಗೆ ಸರಿಮಾಡಿ ಕೊಟ್ಟಿದ್ದೇನೆ. ಇಂಥ ವಾಚುಗಳಲ್ಲಿ ವೈಬ್ರೇಶನ್ನಿಗೆ ಒಂದೇ ಸ್ವಿಚ್ಚು ಅಂತ ಇರುವುದಿಲ್ಲ. ಇಡೀ ವಾಚಿಗೆ ಒಂದು, ಅಲಾರಂಗೆ ಒಂದು, ಫೋನಿನ ಸಂದೇಶಕ್ಕೆ ಇನ್ನೊಂದು, ಎಷ್ಟೋ ಸಲ ಓಟ, ಸೈಕಲ್, ಈಜು ಒಂದೊಂದಕ್ಕೂ ಬೇರೆ ಬೇರೆ. ಅದರ ಮೇಲೆ ಡು ನಾಟ್ ಡಿಸ್ಟರ್ಬ್, ನಿದ್ರೆಯ ಮೋಡ್, ಬ್ಯಾಟರಿ ಉಳಿಸುವ ಮೋಡ್. ಎಲ್ಲವನ್ನೂ ತಿರುವಿ ಹಾಕಿದೆ. ಪೂರ್ತಿ ಚಾರ್ಜ್ ಮಾಡಿದೆ, ಆಫ್ ಮಾಡಿ ಆನ್ ಮಾಡಿದೆ. ಕೊನೆಗೆ ಓಟದ ದಾಖಲೆಗಳನ್ನೆಲ್ಲ ಫೋನಿಗೆ ಸಿಂಕ್ ಮಾಡಿಕೊಂಡು ಫ್ಯಾಕ್ಟರಿ ರಿಸೆಟ್ಟೂ ಆಯಿತು. ಏನೂ ಇಲ್ಲ.

ಆ ವಾರದ ತಮಾಷೆ ಅಂದರೆ, ಕೆಟ್ಟ ವಾಚು ನನ್ನ ಕೈಮೇಲೆ ದಿನಕ್ಕೆ ನಾಲ್ಕು ಸಲ ಅಲುಗಿದ ಹಾಗೆ ಆಗುತ್ತಿತ್ತು. ನೋಡಿದರೆ ಸಂದೇಶವೂ ಇಲ್ಲ, ಮಣ್ಣೂ ಇಲ್ಲ. ಇದಕ್ಕೆ ಫ್ಯಾಂಟಮ್ ವೈಬ್ರೇಶನ್ ಅಂತ ಹೆಸರೇ ಇದೆ. ಫೋನು ಜೇಬಿನಲ್ಲಿ ಇಲ್ಲದಿದ್ದರೂ ತೊಡೆ ಹತ್ತಿರ ಅಲುಗಿದ ಹಾಗೆ ಆಗುತ್ತದಲ್ವಾ, ಅದೇ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಫೋನಿನ ಆ್ಯಪಿನಲ್ಲಿ ವಾಚು ಹುಡುಕುವ ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ವಾಚು ಬಿಡದೆ ವೈಬ್ರೇಟ್ ಆಗುತ್ತಲೇ ಇರಬೇಕು. ಒತ್ತಿದೆ, ಸದ್ದಿಲ್ಲ. ವಾಚಿನ ಬೆನ್ನನ್ನು ಅಂಗೈಗೆ ಟಪ್ ಅಂತ ಬಡಿದೆ. ತಕ್ಷಣ ಝುಂ! ನಿಲ್ಲಿಸಿ ಮತ್ತೆ ಒತ್ತಿದೆ, ಇಲ್ಲ. ಬಡಿದೆ, ಝುಂ. ಅಲ್ಲಿಗೆ ಅರ್ಧ ರೋಗ ಗೊತ್ತಾಯಿತು. ಸಾಫ್ಟ್‌ವೇರ್ ತನ್ನ ಕೆಲಸ ಮಾಡುತ್ತಿದೆ, ಕರೆಂಟು ಬರುತ್ತಿದೆ. ಮೋಟಾರೇ ಎಲ್ಲೋ ಹಿಡಿದುಕೊಂಡಿದೆ, ಇಲ್ಲವೇ ಅದರ ವೈರು ಸಡಿಲ. ಹಳೇ ಸೀಲಿಂಗ್ ಫ್ಯಾನಿಗೆ ಕೋಲಿನಿಂದ ಒಂದು ತಳ್ಳು ಕೊಟ್ಟರೆ ಮಾತ್ರ ತಿರುಗುತ್ತದಲ್ಲ, ಹಾಗೆ.

ಸರ್ವಿಸ್ ಸೆಂಟರಿಗೂ ಹೋಗಿದ್ದೆ. ಒಂದು ವರ್ಷದ ವಾರಂಟಿ ಎಂದೋ ಮುಗಿದಿತ್ತು. ಕೌಂಟರಿನ ಹುಡುಗ ಒಳ್ಳೆಯವನೇ. "ಮೋಟಾರ್ ಒಂದೇ ಹಾಕಿ ಕೊಡೋದು ನಮ್ಮಲ್ಲಿ ಇಲ್ಲ ಸಾರ್. ಇದನ್ನ ಕೊಟ್ಟು ಬೇರೆ ವಾಚ್ ತಗೋಬಹುದು," ಅಂದ. ಅದಕ್ಕೆ ಹೇಳಿದ ದುಡ್ಡು ಹೊಸದರ ಅರ್ಧದ ಹತ್ತಿರ. ಉಳಿದೆಲ್ಲ ಚೆನ್ನಾಗಿರುವ ವಾಚು, ಜಿಪಿಎಸ್ ಸರಿ, ಬ್ಯಾಟರಿ ಸರಿ. ಮನಸ್ಸು ಒಪ್ಪಲಿಲ್ಲ. ವಾರಂಟಿ ಇದ್ದಿದ್ದರೆ ಮಾತ್ರ ಖಂಡಿತ ಸ್ಕ್ರೂ ಮುಟ್ಟುತ್ತಿರಲಿಲ್ಲ, ಅದನ್ನು ಹೇಳಿಬಿಡುತ್ತೇನೆ.

ಬಿಚ್ಚುವ ದಿನ ವಾಚು ಆಫ್ ಮಾಡಿ, ಬಿಳಿ ಟವಲ್ ಹಾಸಿ, ಟಾರ್ಕ್ಸ್ ಟಿ5 ಸ್ಕ್ರೂಡ್ರೈವರ್ ಹಿಡಿದು ಕೂತೆ. ನಕ್ಷತ್ರದ ತಲೆಯ ನಾಲ್ಕು ಪುಟಾಣಿ ಸ್ಕ್ರೂ. ಅಳತೆ ತಪ್ಪಿದ ಬಿಟ್ ಹಾಕಿ ತಿರುಗಿಸಿದರೆ ತಲೆ ಸವೆದುಹೋಗುತ್ತದೆ, ಆಮೇಲೆ ದೇವರೇ ಗತಿ. ಮುಚ್ಚಳ ಎತ್ತುವಾಗ ಒಂದು ಕ್ಷಣ ಜೀವ ಹೋಗಿ ಬಂತು. ಹೃದಯಬಡಿತದ ಸೆನ್ಸರ್ ಇರುವುದು ಬೆನ್ನಿನ ಮುಚ್ಚಳದಲ್ಲಿ. ಅದರಿಂದ ಬೋರ್ಡಿಗೆ ಕಾಗದದಷ್ಟು ತೆಳ್ಳಗಿನ ಪಟ್ಟಿ ಹೋಗಿರುತ್ತದೆ. ಡಬ್ಬಿ ಮುಚ್ಚಳ ತೆಗೆದ ಹಾಗೆ ಸರಕ್ಕನೆ ಎತ್ತಿದ್ದರೆ ಪಟ್ಟಿ ಹರಿದು ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಪುಸ್ತಕದ ಹಾಗೆ ಒಂದು ಬದಿಯಿಂದ ತೆರೆದೆ. ಮೊದಲು ಬ್ಯಾಟರಿಯ ಕನೆಕ್ಟರನ್ನು ಪ್ಲಾಸ್ಟಿಕ್ ತುಂಡಿನಿಂದ ಎಬ್ಬಿಸಿ ಬಿಡಿಸಿದೆ. ಒಳಗಿರುವುದು ಲಿಥಿಯಂ ಬ್ಯಾಟರಿ, ಅದರ ಹತ್ತಿರ ಚೂಪಾದ ಲೋಹ ಆಡಿಸಬಾರದು.

ಮೋಟಾರ್ ಮುಚ್ಚಳದ ಮೂಲೆಯಲ್ಲಿ ಅಂಟಿಕೊಂಡಿತ್ತು. ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ತುಂಬಾ ಚಿಕ್ಕ ಬಿಲ್ಲೆ, ಕೂದಲಿನಂಥ ಎರಡು ವೈರು, ಒಂದು ಕೆಂಪು ಒಂದು ನೀಲಿ. ಬೆವರಿನ ಉಪ್ಪು, ತುಕ್ಕು, ಹಸಿರು ಕಿಲುಬು ಇರುತ್ತದೆ ಅಂದುಕೊಂಡಿದ್ದೆ, ಒಂದೂ ಇರಲಿಲ್ಲ. ಬೆಸುಗೆ ಬಿಡಿಸಿ ಮಲ್ಟಿಮೀಟರ್ ಇಟ್ಟೆ. ಹತ್ತಾರು ಓಮ್ ರೋಧ ತೋರಿಸಬೇಕಾದ್ದು ಒಮ್ಮೆ ಸರಿಯಾಗಿ ತೋರಿಸುತ್ತದೆ, ಬಿಲ್ಲೆ ಅಲ್ಲಾಡಿಸಿದರೆ ಪೂರ್ತಿ ಕಟ್. ಎರಡು ಪೆನ್‌ಸೆಲ್ ಸೇರಿಸಿ 3 ವೋಲ್ಟ್ ಕೊಟ್ಟೆ. ಸುಮ್ಮನಿತ್ತು. ಉಗುರಿನಿಂದ ತಟ್ಟಿದೆ, ಎದ್ದು ಕುಣಿಯಿತು. ವೈರಿನ ಅನುಮಾನ ಅಲ್ಲಿಗೆ ಹೋಯಿತು. ಅಂದ ಹಾಗೆ ಒಂದೇ ಸೆಲ್ ಹಿಡಿದು ಪರೀಕ್ಷೆ ಮಾಡಿದರೆ ಒಳ್ಳೆಯ ಮೋಟಾರ್ ಕೂಡ ಸತ್ತ ಹಾಗೆ ಕಾಣಬಹುದು. ಈ ಬಿಲ್ಲೆಗಳು ಹೊರಡಲು ಸಾಮಾನ್ಯವಾಗಿ 2.3 ವೋಲ್ಟಿನ ಆಸುಪಾಸು ಬೇಕು.

ಎಲ್ಲ ವಾಚಿಗೂ ಈ ಪರೀಕ್ಷೆ ನಡೆಯುವುದಿಲ್ಲ. ಕಂಪಿಸುವ ಮೋಟಾರಿನಲ್ಲಿ ಎರಡು ಜಾತಿ. ನನ್ನದು ಇಆರ್‌ಎಂ, ಅಂದರೆ ಒಂದು ಕಡೆ ಭಾರ ಇಟ್ಟು ಗಿರಗಿರ ತಿರುಗಿಸುವುದು. ಇನ್ನೊಂದು ಎಲ್‌ಆರ್‌ಎ. ಅದರಲ್ಲಿ ತಿರುಗುವುದು ಏನೂ ಇಲ್ಲ, ಸ್ಪ್ರಿಂಗಿಗೆ ಕೂರಿಸಿದ ತೂಕ ಸೆಕೆಂಡಿಗೆ ಇನ್ನೂರರ ಆಸುಪಾಸು ಸಲ ಹಿಂದೆಮುಂದೆ ಓಲಾಡುತ್ತದೆ. ಆಪಲ್ ವಾಚಿನ ಟ್ಯಾಪ್ಟಿಕ್ ಎಂಜಿನ್ ಇಂಥ ನೇರ ಚಲನೆಯದು. ಅದಕ್ಕೆ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು ಬೇಕು. ಪೆನ್‌ಸೆಲ್ ಮುಟ್ಟಿಸಿದರೆ ಟಿಕ್ ಅಂತ ಒಂದು ಸಲ ಅಲುಗಿ ಸುಮ್ಮನಾಗುತ್ತದೆ. ಅದನ್ನು ನೋಡಿ ಕೆಟ್ಟಿದೆ ಅಂತ ಎಸೆದರೆ ನಷ್ಟ ನಮಗೇ.

ಹಳೇ ಮೋಟಾರನ್ನು ಬ್ಲೇಡಿನಿಂದ ಸೀಳಿ ನೋಡದೆ ಇರಲಾಗಲಿಲ್ಲ. ಒಳಗೆ ಅರ್ಧಚಂದ್ರದ ತೂಕ, ಪಕ್ಕದಲ್ಲಿ ತಾಮ್ರದ ಸುರುಳಿ, ಕೆಳಗೆ ಆಯಸ್ಕಾಂತದ ಬಳೆ. ನಡುವೆ ಕರೆಂಟು ಮುಟ್ಟಿಸುವ ಎರಡು ಬ್ರಷ್. ಬ್ರಷ್ ಅನ್ನುವುದು ದೊಡ್ಡ ಮಾತು, ನೊಣದ ಕಾಲಿನಷ್ಟು ಸಣ್ಣ ಲೋಹದ ಕಡ್ಡಿಗಳು. ಒಂದು ಸವೆದು ಬಾಗಿತ್ತು. ಅದು ಉಜ್ಜುವ ಜಾಗದಲ್ಲಿ ಕಾಡಿಗೆಯಂಥ ಕಪ್ಪು ಪುಡಿ. ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದೆ. ಮೂರು ವರ್ಷ ಅಪಾರ್ಟ್‌ಮೆಂಟಿನ ಗ್ರೂಪು, ಶಾಲೆಯ ಗ್ರೂಪು, ನೆಂಟರ ಗುಡ್ ಮಾರ್ನಿಂಗು, ಬ್ಯಾಂಕಿನ ಜಾಹೀರಾತು, ಎಲ್ಲದಕ್ಕೂ ಈ ಎರಡು ಕಡ್ಡಿ ಉಜ್ಜಿ ಉಜ್ಜಿ ಸವೆದಿದ್ದವು. ಮಳೆಯನ್ನು, ಬೆವರನ್ನು ಬೈದುಕೊಂಡಿದ್ದೆ. ತಪ್ಪು ನನ್ನ ನೋಟಿಫಿಕೇಶನ್ನುಗಳದ್ದೇ.

ಹೊಸ ಮೋಟಾರಿಗೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಬೇರೆ ಕೆಲಸವೂ ಇತ್ತು, ಬೆಳಗಿನ ರೈಲು ಹಿಡಿದೆ. "ಎಷ್ಟು ಎಂಎಂ?" ಅಂದರು ಅಂಗಡಿಯವರು. ಸ್ಕೂಲಿನ ಸ್ಕೇಲಿನಲ್ಲಿ ಅಳೆದುಕೊಂಡು ಹೋಗಿದ್ದೆ, ಹತ್ತು ಅಂದೆ. "ದಪ್ಪ?" ನಾನು ಮುಖ ನೋಡಿದೆ. "ಹತ್ತು ಅಂದ್ರೆ ಮಾಮೂಲಿ ಇದೇ," ಅಂತ ಒಂದು ಕೊಟ್ಟರು. ಒಂದು ಊಟದ ದುಡ್ಡೂ ಆಗಲಿಲ್ಲ. ಮನೆಗೆ ಬಂದು ಕೂರಿಸಿದರೆ ಮುಚ್ಚಳ ಕೂರುವುದಿಲ್ಲ! ಹಳೆಯದು 2.7 ಮಿಲಿಮೀಟರ್ ದಪ್ಪ, ನಾನು ತಂದದ್ದು 3.4. ಮುಕ್ಕಾಲು ಮಿಲಿಮೀಟರೂ ಇಲ್ಲದ ವ್ಯತ್ಯಾಸ. ಸ್ಕ್ರೂ ಬಿಗಿ ಮಾಡಿ ಒತ್ತಿ ಕೂರಿಸೋಣ ಅಂತ ಒಂದು ಆಸೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಮೋಟಾರಿನ ಮೇಲೆ ಸರಿಯಾಗಿ ಬ್ಯಾಟರಿ ಬರುತ್ತದೆ. ಲಿಥಿಯಂ ಬ್ಯಾಟರಿಯನ್ನು ಒತ್ತಿಟ್ಟುಕೊಂಡು ಕೈಗೆ ಕಟ್ಟಿಕೊಳ್ಳುವುದು ಅಂದರೆ ಬೆಂಕಿಯನ್ನು ಮಡಿಲಲ್ಲಿ ಕಟ್ಟಿಕೊಂಡ ಹಾಗೆ.

ಸರಿಯಾದ ಮೋಟಾರನ್ನು ಬೆಂಗಳೂರಿನಲ್ಲಿರುವ ಗೆಳೆಯ ತಂದುಕೊಡುವವರೆಗೆ ಹತ್ತು ದಿನ. ಅಷ್ಟು ದಿನವೂ ಬಿಚ್ಚಿದ ವಾಚು ಸ್ಟೀಲ್ ಡಬ್ಬಿಯಲ್ಲಿತ್ತು, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. "ಏನ್ರೀ ಇದು, ಮೆಂತ್ಯದ ಡಬ್ಬಿಲಿ ವಾಚ್ ಇಟ್ಟಿದೀರ," ಅಂತ ಮನೆಯವಳು ಎರಡು ಸಲ ಕೇಳಿದಳು. ಎರಡನೇ ಸಲ ಕೇಳಿದಾಗ ದನಿ ಬೇರೆಯೇ ಇತ್ತು.

ಕೂರಿಸುವ ಕೆಲಸ ಹದಿನೈದು ನಿಮಿಷದ್ದು. ಬೆಸುಗೆ ಒಂದೊಂದು ಸೆಕೆಂಡು. ಕೆಂಪು, ನೀಲಿ ಅದಲು ಬದಲಾದರೂ ಇಆರ್‌ಎಂ ಉಲ್ಟಾ ತಿರುಗುತ್ತದೆ ಅಷ್ಟೇ, ಕೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವಸರ ಮಾಡಬಾರದ್ದು ಅಂಟಿನ ವಿಷಯದಲ್ಲಿ. ಮೊದಲ ಸಲ ಹಳೇ ಅಂಟಿನ ಮೇಲೇ ಒತ್ತಿ ಕೂರಿಸಿದೆ. ಆನ್ ಮಾಡಿದರೆ ಮತ್ತೆ ಅದೇ ಜೀರುಂಡೆಯ ಗರ್‌ಗರ್. ಮೋಟಾರ್ ಹೊಸದು, ಆದರೆ ತಳ ಬಿಗಿಯಾಗಿಲ್ಲದಿದ್ದರೆ ಅದು ತಾನೊಬ್ಬನೇ ಕುಣಿಯುತ್ತದೆ, ವಾಚನ್ನು ಕುಣಿಸುವುದಿಲ್ಲ. ಕಿತ್ತು, ಹಳೇ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಪೂರ್ತಿ ಒರೆಸಿ, ಹೊಸ ಡಬಲ್ ಟೇಪ್ ಹಾಕಿ, ಬೆರಳಿನಿಂದ ನೂರು ಎಣಿಸುವವರೆಗೆ ಒತ್ತಿ ಹಿಡಿದೆ. ಆಮೇಲೆ ಬಂತು ಹಳೇ ಝುಂ.

ಮುಚ್ಚುವಾಗ ರಬ್ಬರಿನ ಉಂಗುರಕ್ಕೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿದೆ, ಒಂದು ಕೂದಲೂ ಸಿಕ್ಕಿಕೊಂಡಿಲ್ಲ ಅಂತ ಟಾರ್ಚ್ ಹಾಕಿ ನೋಡಿದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ವಾಚಿನ ಬೆನ್ನಿನ ಮೇಲೆ 5 ಎಟಿಎಂ ಅಂತ ಈಗಲೂ ಬರೆದಿದೆ, ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅನ್ನುವ ಅಳತೆ ಅದು. ನಾನು ಅದನ್ನು ನಂಬುವುದಿಲ್ಲ. ಆ ಬರಹ ಫ್ಯಾಕ್ಟರಿಯಲ್ಲಿ ಮುಚ್ಚಿದ ಮುಚ್ಚಳಕ್ಕೆ, ನನ್ನ ಊಟದ ಮೇಜಿನ ಮೇಲೆ ಮುಚ್ಚಿದ್ದಕ್ಕಲ್ಲ. ಮಳೆಯಲ್ಲಿ ಓಡುತ್ತೇನೆ, ಕೈ ತೊಳೆಯುತ್ತೇನೆ. ಈಜುಕೊಳಕ್ಕೆ ಮಾತ್ರ ತೆಗೆದಿಟ್ಟು ಹೋಗುತ್ತೇನೆ.

ಈಗ ಏಳು ತಿಂಗಳಾಯಿತು. ಅಲಾರಂ, ಫೋನ್ ಕರೆ, ಓಟದ ಲ್ಯಾಪ್, ಈ ಮೂರಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಅದು ಅಲುಗುವಂತಿಲ್ಲ. ನೆಂಟರ ಗುಡ್ ಮಾರ್ನಿಂಗನ್ನು ಸಂಜೆ ಒಟ್ಟಿಗೆ ನೋಡುತ್ತೇನೆ.

ದಪ್ಪ ಜಾಸ್ತಿಯಾದ ಆ 3.4ರ ಮೋಟಾರ್ ಹಾಳಾಗಲಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷಿನ ತಲೆ ಕತ್ತರಿಸಿ, ಮೇಲೆ ಮೋಟಾರ್ ಮತ್ತು ಒಂದು ಸಿಆರ್2032 ಬಟನ್ ಸೆಲ್ ಅಂಟಿಸಿ ಮಗಳಿಗೆ ಕೊಟ್ಟೆ. ಆಡಿ ಆದ ಮೇಲೆ ಸೆಲ್ ಕಿತ್ತು ನಾನೇ ಎತ್ತಿಡುತ್ತೇನೆ, ಮಕ್ಕಳು ನುಂಗಿದರೆ ಅಪಾಯ. ಆ ಬ್ರಷ್ಷಿನ ತಲೆಗೆ ಅವಳು ಎರಡು ಕಣ್ಣು ಬರೆದಿದ್ದಾಳೆ. ಮೇಜಿನ ಮೇಲೆ ಬಿಟ್ಟರೆ ಗರ್ ಅಂತ ಗೋಡೆ ಕಡೆಗೇ ಓಡುತ್ತದೆ.