‘ಅನುದಾನ ಮುಗಿದಿದೆ’ ಎಂದರೆ ಹಿಂಬರಹ ಕೇಳಿ

ಉಡುಪಿ ಜಿಲ್ಲೆಯ ದಲಿತ ಮತ್ತು ಕೊರಗ ಬುಡಕಟ್ಟಿನ ರೈತರ ಜೊತೆ ಕೃಷಿ ಕಚೇರಿಗಳಿಗೆ ಓಡಾಡುವುದು ನಾನು ಶಾಲೆಯಿಂದ ನಿವೃತ್ತನಾದ ಮೇಲೆ ಹಚ್ಚಿಕೊಂಡ ಕೆಲಸ. ಸಬ್ಸಿಡಿ ಕೊಡುವಾಗ ತಾರತಮ್ಯ ಆಗುತ್ತಿದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಲಾಖೆಯ ಕಾಗದದಿಂದಲೇ ಅದನ್ನು ತೋರಿಸಿಕೊಡಬೇಕು.

ನಮ್ಮ ಕಡೆಯ ಕೆಲವು ಪರಿಶಿಷ್ಟ ಜಾತಿಯ ಮನೆಯವರು ಹುಲ್ಲು ಕತ್ತರಿಸುವ ಮೆಷಿನ್‌ಗೆ ಅರ್ಜಿ ಹಾಕಿದ್ದರು. ಅವರಿಗೆ ಶೇಕಡಾ 90 ಸಹಾಯಧನ, ಸಾಮಾನ್ಯ ವರ್ಗಕ್ಕೆ 50. ಹೋದಾಗಲೆಲ್ಲ ಒಂದೇ ಉತ್ತರ: "ಅನುದಾನ ಮುಗಿದಿದೆ, ಮುಂದಿನ ವರ್ಷ ಬನ್ನಿ." ಅವರಲ್ಲಿ ಒಬ್ಬರು ಅಕ್ಕ ನನ್ನ ಹತ್ರ ಕೇಳಿದರು, "ಮಾಷ್ಟ್ರೇ, ನಾವು ಹೋದ ದಿನವೇ ಮುಗಿಯುವುದು ಹೇಗೆ?"

ಸರಿಯಾದ ಪ್ರಶ್ನೆ ಅಲ್ವಾ? ಮೊದಲು ಆ ಮಾತನ್ನೇ ಹಿಂಬರಹದಲ್ಲಿ, ಅಂದರೆ ಕಚೇರಿಯ ಲಿಖಿತ ಉತ್ತರದಲ್ಲಿ, ಬರೆದುಕೊಡಿ ಎಂದು ಅರ್ಜಿ ಕೊಟ್ಟೆವು. ಟಪಾಲಿನಲ್ಲಿ ಸೀಲು, ದಿನಾಂಕ, ನಂಬರ್ ಹಾಕಿಸಿಕೊಂಡ ಪ್ರತಿ ನಮ್ಮ ಕೈಯಲ್ಲಿತ್ತು. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಅದರಲ್ಲಿ ‘ಯಾಕೆ ಕೊಡಲಿಲ್ಲ’ ಎಂದು ಕೇಳಬೇಡಿ, ಅದು ಮಾಹಿತಿ ಅಲ್ಲ ಎಂದು ತಳ್ಳಿಹಾಕುತ್ತಾರೆ. ದಾಖಲೆ ಕೇಳಿ. ಅರ್ಜಿ ಸ್ವೀಕರಿಸಿದ ವಹಿಯ ಪ್ರತಿ, ಅರ್ಜಿಯ ದಿನಾಂಕ ಸಮೇತ ಫಲಾನುಭವಿಗಳ ಪಟ್ಟಿ, ಪರಿಶಿಷ್ಟ ಜಾತಿಯವರಿಗೆಂದೇ ಹಣ ತೆಗೆದಿಡುವ ಉಪಯೋಜನೆಯ ಲೆಕ್ಕ ಶೀರ್ಷಿಕೆಗೆ (ಖಾತೆಗೆ) ತಿಂಗಳು ತಿಂಗಳು ಬಂದ ಹಣ, ಖರ್ಚಾದ ಹಣ. ನಾವು ಕೇಳಿದ್ದು ಇಷ್ಟು. ‘ಫಲಾನುಭವಿಗಳ ಹೆಸರು ಖಾಸಗಿ ಮಾಹಿತಿ’ ಎಂದು ಮೊದಲು ತಡೆದರು. ಸಬ್ಸಿಡಿ ಪಡೆದವರ ವಿವರವನ್ನು ಇಲಾಖೆ ತಾನಾಗಿಯೇ ಪ್ರಕಟಿಸಬೇಕು ಎಂದು 2005ರ ಕಾಯ್ದೆಯ 4ನೇ ಸೆಕ್ಷನ್ನೇ ಹೇಳುತ್ತದೆ. ಅದನ್ನು ಎತ್ತಿ ಬರೆದು ಮೊದಲ ಮೇಲ್ಮನವಿ ಹಾಕಿದ ಮೇಲೆ ಪ್ರತಿಗಳು ಬಂದವು.

ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಲ್ಲವನ್ನೂ ಅಕ್ಕಪಕ್ಕ ಬರೆದೆವು. ‘ಮುಗಿದಿದೆ’ ಎಂದ ತಿಂಗಳಲ್ಲಿ ಆ ಶೀರ್ಷಿಕೆಯಲ್ಲಿ ಹಣ ಬಾಕಿ ಇತ್ತು. ಇನ್ನೂ ದೊಡ್ಡ ಸಂಗತಿ ವಹಿಯಲ್ಲಿತ್ತು. ನಮ್ಮವರ ಅರ್ಜಿಗಳನ್ನು ಅದರಲ್ಲಿ ಏರಿಸಿಯೇ ಇರಲಿಲ್ಲ. ಅಂದರೆ ಕಚೇರಿಯ ಲೆಕ್ಕದಲ್ಲಿ ಅವರು ಕೇಳಿಯೇ ಇಲ್ಲ.

ಸಾಲ ಕೊಡುವಾಗ ತಾರತಮ್ಯ ಮಾಡಿದೆ ಎಂದು ಅಮೆರಿಕದ ಕೃಷಿ ಇಲಾಖೆಯ ಮೇಲೆ ಅಲ್ಲಿನ ಕಪ್ಪು ರೈತರು 1997ರಲ್ಲಿ ಹೂಡಿದ ಪಿಗ್‌ಫೋರ್ಡ್ ಮೊಕದ್ದಮೆಯ ಬಗ್ಗೆ ಓದಿದಾಗ ನನಗೆ ಈ ವಹಿ ನೆನಪಾಯಿತು. ಇಲಾಖೆ ತನ್ನ ನಾಗರಿಕ ಹಕ್ಕು ವಿಭಾಗವನ್ನು 1980ರ ದಶಕದಲ್ಲಿ ಕಳಚಿಹಾಕಿದ್ದರಿಂದ ದೂರುಗಳು ತನಿಖೆಯಿಲ್ಲದೆ ಸುಮ್ನೆ ಬಿದ್ದಿದ್ದವು. 1999ರಲ್ಲಿ ರಾಜಿ ಆದಾಗಲೂ, ಪರಿಹಾರ ಕೇಳುವ ಕಪ್ಪು ರೈತ ತನ್ನಂಥದೇ ಸ್ಥಿತಿಯ ಇಂಥ ಬಿಳಿಯ ರೈತನಿಗೆ ಸಾಲ ಸಿಕ್ಕಿದೆ ಎಂದು ಹೆಸರು ಹಿಡಿದು ತೋರಿಸಬೇಕಿತ್ತು. ದಾಖಲೆಯೆಲ್ಲ ಇಲಾಖೆಯ ಕೈಯಲ್ಲಿದ್ದರೆ ರೈತ ಅದನ್ನು ಎಲ್ಲಿಂದ ತರಬೇಕು? ಫಲಾನುಭವಿಗಳ ಪಟ್ಟಿ ಮೊದಲು ಕೈಗೆ ಬರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮಣಿಪಾಲದ ರಜತಾದ್ರಿಯಲ್ಲಿ, ಅಂದರೆ ಜಿಲ್ಲಾ ಕಚೇರಿಗಳ ಸಂಕೀರ್ಣದಲ್ಲಿ, ಪರಿಶಿಷ್ಟರ ಕುಂದುಕೊರತೆ ಸಭೆ ನಡೆದಾಗ ಆ ಅಕ್ಕನೇ ನೋಟ್‌ಬುಕ್ ಹಿಡಿದು ಓದಿದರು. ದಿನಾಂಕ, ಹಣ, ವಹಿಯ ಪುಟ. ಅಧಿಕಾರಿಗಳಿಗೆ ‘ಪರಿಶೀಲಿಸುತ್ತೇವೆ’ ಎಂದು ಜಾರಿಕೊಳ್ಳಲು ಜಾಗ ಉಳಿಯಲಿಲ್ಲ. ಅರ್ಜಿಗಳು ವಹಿಗೆ ಏರಿದವು, ಆ ವರ್ಷವೇ ಮೆಷಿನ್ ಬಂತು.

ಕೊರಗ ಮನೆಗಳದ್ದು ಬೇರೆಯೇ ಕಷ್ಟ. ಜಾಗ ಅಜ್ಜನ ಹೆಸರಿನಲ್ಲಿ, ಪೌತಿ ಖಾತೆ (ತೀರಿಕೊಂಡವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಆಗಿಲ್ಲ. ಆರ್‌ಟಿಸಿ (ಪಹಣಿ) ಇಲ್ಲದಿದ್ದರೆ ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಇಲ್ಲ, ಐಡಿ ಇಲ್ಲದಿದ್ದರೆ ಅರ್ಜಿಯೇ ಇಲ್ಲ. ಐಡಿ ಇದ್ದ ಒಬ್ಬರ ಜಾತಿ ಪ್ರಮಾಣಪತ್ರದ ನಂಬರ್ ಜೋಡಿಸದೆ ‘ಸಾಮಾನ್ಯ’ ಎಂದು ತೋರಿಸುತ್ತಿತ್ತು. ಅದನ್ನು ರೈತ ಸಂಪರ್ಕ ಕೇಂದ್ರದಲ್ಲೇ ಕೂತು ಸರಿಮಾಡಿಸಿದೆವು. ನನ್ನ ಪ್ರಕಾರ ಮುಖದ ಮೇಲೆ ಆಗುವ ಅವಮಾನಕ್ಕಿಂತ ಹೀಗೆ ಕಂಪ್ಯೂಟರಿನಲ್ಲಿ ಕಾಣದೇ ಹೋಗುವುದರಿಂದಲೇ ಜಾಸ್ತಿ ಜನ ಸೌಲಭ್ಯ ಕಳೆದುಕೊಳ್ಳುತ್ತಿದ್ದಾರೆ. ಪೌತಿ ಖಾತೆಯ ಅರ್ಜಿಗಳು ಈಗ ತಾಲೂಕು ಕಚೇರಿಯಲ್ಲಿವೆ. ಅವುಗಳಿಗೂ ಹಿಂಬರಹ ಕೇಳಿದ್ದೇವೆ.