ಥೈರಾಯ್ಡ್ ಮಾತ್ರೆಯಿಂದ ಸುಸ್ತು ಹೆಚ್ಚಾದಾಗ

ಒಬ್ಬರಿಗೇ ಎರಡು ಮೂರು ಕಾಯಿಲೆ ಇದ್ದಾಗ, ಏನೇನಿದೆ ಅಂತ ಕಂಡುಹಿಡಿದರೆ ಅರ್ಧ ಕೆಲಸ ಆದ ಹಾಗೆ. ಯಾವುದಕ್ಕೆ ಮೊದಲು ಔಷಧಿ ಶುರು ಮಾಡಬೇಕು ಅನ್ನುವುದು ಉಳಿದ ಅರ್ಧ. ಫಿಸಿಷಿಯನ್ ಆದ ನನಗೆ ಇದನ್ನು ಚೆನ್ನಾಗಿ ಮನದಟ್ಟು ಮಾಡಿಸಿದವರು ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು.

ಅವರಿಗೆ ಥೈರಾಯ್ಡ್ ಕಡಿಮೆ ಇರುವುದು ಮೊದಲೇ ಗೊತ್ತಿತ್ತು. ಸುಸ್ತು ಅಂದಾಗ ಪರೀಕ್ಷೆ ಮಾಡಿಸಿದ್ದರು, ಥೈರಾಯ್ಡ್ ಸೋತಾಗ ಏರುವ ಟಿಎಸ್‌ಎಚ್ ಹಾರ್ಮೋನ್ ಸ್ವಲ್ಪ ಜಾಸ್ತಿ ಬಂದಿತ್ತು, ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ ಡೋಸ್ ಏರಿಸಿದ್ದರು. "ಮಾತ್ರೆ ಜಾಸ್ತಿ ಮಾಡಿದ ಮೇಲೇ ಇವಳು ಪೂರ್ತಿ ಮಲಗಿಬಿಟ್ಟಳು ಡಾಕ್ಟ್ರೇ" ಅಂದರು ಗಂಡ. ಇಂಥ ಮಾತನ್ನು ನಾನು ಪಕ್ಕಕ್ಕಿಡುವುದಿಲ್ಲ. ದಿನಾ ಜೊತೆಗಿರುವವರು ಹೇಳುವ ಹಿಂದುಮುಂದಿನಲ್ಲಿ ಎಷ್ಟೋ ಸಲ ಕಾಯಿಲೆಯ ಸುಳಿವು ಇರುತ್ತದೆ.

ಹಳೆಯ ಫೈಲು ತಿರುವಿ ಹಾಕಿದೆ. ಒಂದು ಹಾಳೆಯಲ್ಲಿ ಎಡಕ್ಕೆ ತಿಂಗಳು, ನಡುವೆ ತೊಂದರೆ, ಬಲಕ್ಕೆ ಔಷಧಿ ಬರೆದುಕೊಂಡೆ. ಹೀಗೆ ಬರೆದಾಗ ಹೊಂದದೆ ಇರುವುದು ತಾನಾಗೇ ಎದ್ದು ಕಾಣುತ್ತದೆ. ಇಲ್ಲಿ ಹೊಂದದೆ ಇದ್ದದ್ದು ತೂಕ. ಥೈರಾಯ್ಡ್ ಕಡಿಮೆ ಇದ್ದರೆ ಸಾಮಾನ್ಯವಾಗಿ ತೂಕ ಏರಬೇಕು ಅಲ್ವಾ? ಇವರದು ಡೋಸ್ ಏರಿಸುವ ಮೊದಲಿಂದಲೂ ಇಳಿಯುತ್ತಿತ್ತು. ಊಟ ಸೇರುತ್ತಿರಲಿಲ್ಲ, ವಾಕರಿಕೆ ಬೇರೆ. ಉಪ್ಪು ತಿನ್ನಬೇಕು ಅನಿಸುತ್ತಾ ಅಂತ ಕೇಳಿದೆ. ಗಂಡನ ಮುಖ ನೋಡಿ, "ಸುಮ್ನೆ ಬಾಯಿಗೆ ಹಾಕ್ಕೋತೀನಿ" ಅಂದರು.

ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದೆ. ರೇಖೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ವಸಡಿನ ಮೇಲೆ ಕಪ್ಪು ಮಚ್ಚೆ. ಮೈಬಣ್ಣ ಕಪ್ಪಾಗಿರುವವರಲ್ಲಿ ವಸಡು ಹುಟ್ಟಿನಿಂದಲೇ ಕಪ್ಪಿರಬಹುದು, ಅದಕ್ಕೇ ನಾನು ಗಾಯದ ಗುರುತುಗಳನ್ನೂ ಹುಡುಕುತ್ತೇನೆ. ಮೊಣಕಾಲಿನ ಮೇಲಿನ ಈಚಿನ ಗಾಯದ ಕಲೆ ಸುತ್ತಲಿನ ಚರ್ಮಕ್ಕಿಂತ ಎಷ್ಟೋ ಕಪ್ಪಾಗಿತ್ತು. ಮಲಗಿಸಿ ಬಿಪಿ ನೋಡಿದರೆ ಮೇಲಿನದು 100. ನಿಲ್ಲಿಸಿ ನೋಡಿದರೆ 78, ಕಣ್ಣು ಕತ್ತಲಿಟ್ಟಿತು. ರಕ್ತದಲ್ಲಿ ಸೋಡಿಯಂ 124, ಅಂದರೆ ಕಡಿಮೆ; ಪೊಟ್ಯಾಸಿಯಂ 5.7, ಅಂದರೆ ಜಾಸ್ತಿ.

ಇದೇ ಹೊತ್ತಿಗೆ ಇನ್ನೊಂದು ರಿಪೋರ್ಟ್ ಬಂತು. ವಿಟಮಿನ್ ಬಿ12 ತುಂಬಾ ಕಡಿಮೆ. ಪಾದ ಜೋಮು ಹಿಡಿಯುತ್ತಿದ್ದದ್ದಕ್ಕೆ ಅದು ತಾಳೆಯಾಯಿತು. ಬಿ12 ಕೊರತೆಯಲ್ಲೂ ಕೈಬೆರಳ ಗಿಣ್ಣು ಕಪ್ಪಾಗುತ್ತದೆ, ಸುಸ್ತಾಗುತ್ತದೆ, ಹಸಿವು ಹೋಗುತ್ತದೆ. ಅಲ್ಲಿಗೇ ನಿಲ್ಲಿಸಲು ಒಳ್ಳೆಯ ನೆಪ. ಆದರೆ ಬಿ12 ಕಡಿಮೆಯಾದ ಮಾತ್ರಕ್ಕೆ ಸೋಡಿಯಂ ಇಳಿದು ಪೊಟ್ಯಾಸಿಯಂ ಏರುವುದಿಲ್ಲ. ಆ ಎರಡು ಅಂಕಿಗಳಿಗೆ ಉತ್ತರ ಸಿಗದೆ ಫೈಲು ಮುಚ್ಚುವ ಹಾಗಿರಲಿಲ್ಲ.

ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಸೋತಾಗ ಈ ಚಿತ್ರ ಮೂಡುತ್ತದೆ. 1855ರಲ್ಲಿ ಥಾಮಸ್ ಅಡಿಸನ್ ವಿವರಿಸಿದ ಕಾಯಿಲೆ ಇದು. ಈ ಗ್ರಂಥಿ ಮಾಡುವ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಸಾಕಷ್ಟಿಲ್ಲದೆ ಹೋದಾಗ ಟಿಎಸ್‌ಎಚ್ ಕೂಡ ಸ್ವಲ್ಪ ಏರುತ್ತದೆ. ಅದನ್ನು ನೋಡಿ ಥೈರಾಕ್ಸಿನ್ ಏರಿಸಿದರೆ ದೇಹದ ಕೆಲಸ ಹೆಚ್ಚುತ್ತದೆ, ಇರುವ ಕಾರ್ಟಿಸಾಲ್ ಇನ್ನೂ ಬೇಗ ಖರ್ಚಾಗುತ್ತದೆ. ಮೇವಿಲ್ಲದ ಎತ್ತಿಗೆ ನೊಗ ಹೂಡಿದ ಹಾಗೆ. ಗಂಡ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಕಾರ್ಟಿಸಾಲ್‌ಗೆ, ಜೊತೆಗೆ ಅದನ್ನು ಮಾಡು ಅಂತ ಅಡ್ರಿನಲ್‌ಗೆ ಹೇಳುವ ಎಸಿಟಿಎಚ್ ಹಾರ್ಮೋನಿಗೆ ಬೆಳಿಗ್ಗೆ ರಕ್ತ ತೆಗೆಸಿದೆ. ಅಷ್ಟರಲ್ಲಿ ವಾಂತಿ ಜೋರಾಯಿತು. ರಿಪೋರ್ಟಿಗೆ ಕಾಯಲಿಲ್ಲ. ಈ ಸ್ಥಿತಿಯಲ್ಲಿ ಕಾಯುವುದು ಪ್ರಾಣಕ್ಕೇ ಅಪಾಯ. ಕಾರ್ಟಿಸಾಲ್ ಕೊರತೆ ತುಂಬುವ ಸ್ಟೀರಾಯ್ಡ್ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ. ರಕ್ತನಾಳಕ್ಕೆ ಕೊಟ್ಟು, ಸಲೈನ್ ಹಚ್ಚಿದೆವು. ಮರುದಿನ ಅವರು ತಾವಾಗೇ ಎದ್ದು ಕೂತರು. ಆಮೇಲೆ ಬಂದ ರಿಪೋರ್ಟಿನಲ್ಲಿ ಕಾರ್ಟಿಸಾಲ್ ಬರೀ 1.8, ತೀರಾ ಕಡಿಮೆ; ಎಸಿಟಿಎಚ್ ಮಿತಿಗಿಂತ ಎಷ್ಟೋ ಪಟ್ಟು ಮೇಲೆ.

ಇಷ್ಟಾದರೂ ಕಾರಣ ತಿಳಿಯಬೇಕಿತ್ತು. ಟಿಬಿ ಕೂಡ ಅಡ್ರಿನಲ್ ಹಾಳು ಮಾಡುತ್ತದೆ. ಅದನ್ನು ಬಿಟ್ಟುಬಿಟ್ಟರೆ ದೊಡ್ಡ ಅನಾಹುತ. ಅದೂ ಅಲ್ಲದೆ ಟಿಬಿಗೆ ಕೊಡುವ ರಿಫಾಂಪಿಸಿನ್ ಲಿವರ್‌ನಲ್ಲಿ ಸ್ಟೀರಾಯ್ಡನ್ನು ಬೇಗ ಕರಗಿಸುತ್ತದೆ, ಅಲ್ಲೂ ಸ್ಟೀರಾಯ್ಡ್ ಡೋಸ್ ಮೊದಲೇ ಹೊಂದಿಸಿಕೊಳ್ಳಬೇಕು. ಸಿ.ಟಿ.ಯಲ್ಲಿ ಗ್ರಂಥಿಗಳು ಊದಿರಲಿಲ್ಲ, ಸುಣ್ಣ ಕಟ್ಟಿರಲಿಲ್ಲ, ಸಣ್ಣಗಾಗಿದ್ದವು. ಅಡ್ರಿನಲ್ ವಿರುದ್ಧ ದೇಹವೇ ತಯಾರಿಸುವ 21-ಹೈಡ್ರಾಕ್ಸಿಲೇಸ್ ಆ್ಯಂಟಿಬಾಡಿ ಪಾಸಿಟಿವ್. ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್, ಅಡ್ರಿನಲ್ ಎರಡರ ಮೇಲೂ ತಿರುಗಿಬಿದ್ದಿತ್ತು. 1926ರಲ್ಲಿ ಷ್ಮಿಟ್ ಗುರುತಿಸಿದ ಜೋಡಿ. ಈಗ ಇದನ್ನು ಆಟೊಇಮ್ಯೂನ್ ಪಾಲಿಗ್ಲ್ಯಾಂಡುಲರ್ ಸಿಂಡ್ರೋಮ್ ಟೈಪ್ 2 ಅನ್ನುತ್ತೇವೆ. ಬಿ12 ಹೀರಿಕೊಳ್ಳಲು ಬೇಕಾದ ಹೊಟ್ಟೆಯ ಒಳಪದರವೂ ಇದೇ ಜಗಳದಲ್ಲಿ ಕೆಟ್ಟಿತ್ತು.

ಸ್ಟೀರಾಯ್ಡ್ ನೆಲೆ ನಿಂತ ಮೇಲೆ ಥೈರಾಕ್ಸಿನ್ ಹಳೆಯ ಡೋಸಿಗೆ ಇಳಿಸಿದೆ. ಮುಂದಿನ ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಅದೇ ಡೋಸಿನಲ್ಲಿ ಸರಿಯಾಗಿ ನಿಂತಿತು. ಬಿ12 ಇಂಜೆಕ್ಷನ್ ಶುರು ಮಾಡಿದೆ. ಫೋಲಿಕ್ ಆ್ಯಸಿಡ್ ಮಾತ್ರ ಮೊದಲು ಕೊಡಬಾರದು, ರಕ್ತ ಸುಧಾರಿಸಿದಂತೆ ಕಂಡರೂ ಒಳಗೆ ನರ ಕೆಡುತ್ತಾ ಹೋಗಬಹುದು.

ಈಗ ಅವರು ಹೈಡ್ರೋಕಾರ್ಟಿಸೋನ್ ದಿನಕ್ಕೆ 20 ಮಿ.ಗ್ರಾಂ. ಹಂಚಿಕೊಂಡು ತಗೋತಾರೆ, ಜೊತೆಗೆ ದೇಹದಲ್ಲಿ ಉಪ್ಪು ಉಳಿಸುವ ಫ್ಲುಡ್ರೋಕಾರ್ಟಿಸೋನ್. ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಡೋಸ್ ಎರಡು ಪಟ್ಟು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಹಾಕಿಸಿಕೊಂಡು ನೇರ ಆಸ್ಪತ್ರೆಗೆ. ಇಂಜೆಕ್ಷನ್ ಹಾಕುವುದನ್ನು ಗಂಡನಿಗೆ ನಾವೇ ಕಲಿಸಿದೆವು. ವರ್ಷಕ್ಕೊಮ್ಮೆ ಸಕ್ಕರೆಯನ್ನೂ ನೋಡುತ್ತೇನೆ, ಏಕೆಂದರೆ ಇದೇ ಗುಂಪಿನಲ್ಲಿ ಟೈಪ್ 1 ಡಯಾಬಿಟಿಸ್ ಸೇರಿಕೊಳ್ಳಬಹುದು. ಉಲ್ಟಾ ದಾರಿಯಲ್ಲಿ ಬರುವವರೂ ಇದ್ದಾರೆ: ವರ್ಷಗಟ್ಟಲೆ ಇನ್ಸುಲಿನ್ ತಗೊಳ್ಳುತ್ತಿರುವವರಿಗೆ ಕಾರಣವಿಲ್ಲದೆ ಪದೇ ಪದೇ ಸಕ್ಕರೆ ಇಳಿದು ಡೋಸ್ ಕಡಿಮೆ ಮಾಡುತ್ತಾ ಬರಬೇಕಾದರೆ, ಅವರ ಅಂಗೈಯನ್ನೂ ನಾನು ಬೆಳಕಿಗೆ ಹಿಡಿಯುತ್ತೇನೆ, ಕಾರ್ಟಿಸಾಲ್ ಬರೆದುಕೊಡುತ್ತೇನೆ.