ಮೊದಲು ಚೀಟಿ, ಆಮೇಲೆ ಮಾತು

ನಮ್ಮ ಗುಂಪಿನಲ್ಲಿ "ಸೂಪರ್ ಸರ್" ಅನ್ನೋದನ್ನು ನಿಲ್ಲಿಸಲು ಹೆಚ್ಚುಕಮ್ಮಿ ಎರಡು ವರ್ಷ ಹಿಡಿಯಿತು. ಮಂಗಳೂರಿನಲ್ಲಿ ನಾವು ಹತ್ತು ಹನ್ನೆರಡು ಮಂದಿ ಫೋಟೋಗ್ರಾಫರುಗಳು ತಿಂಗಳಿಗೊಮ್ಮೆ ಸೇರುತ್ತೇವೆ, ಒಬ್ಬರ ಸ್ಟುಡಿಯೋದ ಮಹಡಿಯಲ್ಲಿ. ಎಲ್ಲರಿಗೂ ಕ್ಯಾಮೆರಾ ಗೊತ್ತು, ಎಡಿಟಿಂಗ್ ಗೊತ್ತು. ಪಕ್ಕದವರ ಚಿತ್ರದ ಬಗ್ಗೆ ಮನಸ್ತಾಪ ಆಗದ ಹಾಗೆ ಮಾತಾಡೋದು ಮಾತ್ರ ಬರುತ್ತಿರಲಿಲ್ಲ. ನಾನು ಚೀಟಿ ತಂದಾಗ "ಇದೇನು ಮಾರಾಯ್ರೇ, ಶಾಲೆ ಪರೀಕ್ಷೆಯಾ?" ಅಂತ ನಕ್ಕವರೇ ಈಗ ಚೀಟಿ ಹರಿದು ಹಂಚುತ್ತಾರೆ.

ಅದಕ್ಕೆ ಮುಂಚೆ ಮಾಡದ ಸರ್ಕಸ್ ಇಲ್ಲ. ಹತ್ತಕ್ಕೆ ಅಂಕ ಕೊಡಿ ಅಂದರೆ ಎಲ್ಲರೂ ಎಲ್ಲರಿಗೂ ಏಳು ಕೊಟ್ಟರು. ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ ಅನ್ನೋ ಕ್ರಮವೂ ಆಯಿತು. "ಚೆನ್ನಾಗಿದೆ" ಅಂದ ಕೂಡಲೇ ಎದುರಿನವರು "ಆದರೆ" ಯಾವಾಗ ಬರುತ್ತೆ ಅಂತ ಕಾಯುತ್ತಾ ಕೂರುತ್ತಿದ್ದರು, ಹೊಗಳಿಕೆ ಕಿವಿಗೇ ಬೀಳುತ್ತಿರಲಿಲ್ಲ. ಹಿರಿಯರೊಬ್ಬರನ್ನು ಕರೆಸಿದೆವು. ಒಂದು ಗಂಟೆ ತಮ್ಮ ಚಿತ್ರಗಳ ಬಗ್ಗೆಯೇ ಮಾತಾಡಿದರು. ಆಮೇಲೆ ಇಬ್ಬರು ಹುಡುಗರು ಬರೋದನ್ನೇ ಬಿಟ್ಟರು.

ಪ್ರೊಜೆಕ್ಟರ್ ಕಥೆ ಬೇರೆ. ಎಲ್ಲರೂ ಸೇರಿ ರೂ. 18,000 ಹತ್ತಿರ ಹಾಕಿ ಸೆಕೆಂಡ್ ಹ್ಯಾಂಡ್ ತಂದೆವು. ಕಡು ನೆರಳೆಲ್ಲ ಬೂದಿ ಬಣ್ಣ. ಚಿತ್ರದ್ದಲ್ಲ, ಪ್ರೊಜೆಕ್ಟರಿನ ವಿಮರ್ಶೆಯೇ ಆಗುತ್ತಿತ್ತು. ರೂ. 7,000ಕ್ಕೋ ಏನೋ ಮಾರಿದೆವು. ಪ್ರಿಂಟ್ ಮಾಡಿಸೋಣ ಅಂತ 8x12 ಹಾಕಿಸಿದರೆ ಒಂದಕ್ಕೆ ರೂ. 50-60, ಜೇಬಿಗೆ ಭಾರ. ಈಗ 6x8. ಇಪ್ಪತ್ತರ ಆಸುಪಾಸು ಬೀಳುತ್ತೆ, ಕೈಯಿಂದ ಕೈಗೆ ದಾಟಿಸಲು ಅದೇ ಸಲೀಸು.

ಕ್ರಮ ಇಷ್ಟೇ. ಚಿತ್ರ ತಂದವರು ಸಲೋನಿನ, ಅಂದರೆ ಫೋಟೋ ಸ್ಪರ್ಧೆಯ, ಯಾವ ವಿಭಾಗಕ್ಕೆ ಅಂತ ಮಾತ್ರ ಹೇಳಬೇಕು. ಚಿತ್ರಕ್ಕಾಗಿ ಕೆಸರಲ್ಲಿ ಮಲಗಿದ್ದು, ಜಿಗಣೆ ಹತ್ತಿದ್ದು ಯಾರಿಗೂ ಬೇಡ. ಪ್ರಿಂಟ್ ಸುತ್ತು ಬರುತ್ತೆ. ಪ್ರತಿಯೊಬ್ಬರೂ ಚೀಟಿಯಲ್ಲಿ ಎರಡೇ ಸಂಗತಿ ಬರೆಯಬೇಕು: ಕಣ್ಣು ಮೊದಲು ಹೋದ ಜಾಗ, ಆಮೇಲೆ ಸಿಕ್ಕಿಕೊಂಡ ಜಾಗ. ಒಳ್ಳೇದು ಕೆಟ್ಟದ್ದು ಅನ್ನೋ ಹಾಗಿಲ್ಲ. ಎಲ್ಲ ಚೀಟಿ ಓದಿ ಮುಗಿಯುವ ತನಕ ಚಿತ್ರದ ಯಜಮಾನರು ಬಾಯಿ ತೆರೆಯೋ ಹಾಗಿಲ್ಲ. ಬರೆದ ಮೇಲೆ ಯಾರೂ ಇನ್ನೊಬ್ಬರ ಮಾತಿಗೆ ತಲೆಯಾಡಿಸಲು ಆಗೋದಿಲ್ಲ, ಗುಟ್ಟು ಇರೋದು ಅಲ್ಲೇ. ಕೊನೆಗೆ ಎಲ್ ಆಕಾರದ ಎರಡು ಕಪ್ಪು ರಟ್ಟು ಇಟ್ಟು ಕ್ರಾಪ್, ಅಂದರೆ ಅಂಚು ಎಲ್ಲಿ ಕತ್ತರಿಸಬಹುದು ಅಂತ, ನೋಡುತ್ತೇವೆ.

ಒಬ್ಬ ಹುಡುಗ ಕಂಬಳದ ಚಿತ್ರ ತಂದಿದ್ದ. ಕನೆಹಲಗೆ, ನೀರು ಚಿಮ್ಮಿಸುವ ಓಟ. ಕೋಣಗಳ ಮೂಗು ಅರಳಿದೆ, ಹಲಗೆ ಮೇಲೆ ಕಾಲಿಟ್ಟವನ ಕತ್ತಿನ ನರ ಉಬ್ಬಿದೆ, ನೀರಿನ ಹನಿ ಹನಿಯೂ ಶಾರ್ಪ್. ಹಳೇ ಕ್ರಮದಲ್ಲಾಗಿದ್ದರೆ "ಸೂಪರ್" ಬಿದ್ದು ಮುಗಿದಿರುತ್ತಿತ್ತು. ಹೆಚ್ಚಿನ ಚೀಟಿಯಲ್ಲಿ ಮೊದಲು ಮುಖ, ಆಮೇಲೆ ಚಿತ್ರದ ಮೇಲಂಚು ಅಂತ ಇತ್ತು. ಮನೆಯಲ್ಲಿ ಕೋಣ ಸಾಕುವ ನಮ್ಮವರೊಬ್ಬರು ಮಾತ್ರ "ನಿಶಾನೆ ಎಲ್ಲಿ?" ಅಂತ ಬರೆದಿದ್ದರು. ಕನೆಹಲಗೆಯಲ್ಲಿ ಓಟದ ವೇಗ ಲೆಕ್ಕಕ್ಕಿಲ್ಲ ಅಲ್ವಾ? ಹಲಗೆಯ ತೂತಿನಿಂದ ಚಿಮ್ಮುವ ನೀರು ಎತ್ತರದಲ್ಲಿ ಕಟ್ಟಿದ ಬಟ್ಟೆಗೆ, ಅಂದರೆ ನಿಶಾನೆಗೆ, ತಾಗಬೇಕು, 6.5 ಕೋಲಿನದ್ದಕ್ಕೋ 7.5 ಕೋಲಿನದ್ದಕ್ಕೋ (ಕೋಲು ಅಂದರೆ ಎತ್ತರದ ಅಳತೆ). ಚಿತ್ರದಲ್ಲಿ ನೀರು ಅರ್ಧಕ್ಕೇ ಕತ್ತರಿಸಿತ್ತು. ಎಲ್ಲರ ಕಣ್ಣು ಮೇಲಂಚಿಗೆ ಹೋಗಿ ಸಿಕ್ಕಿಕೊಂಡದ್ದು ಅದಕ್ಕೇ, ಯಾಕೆ ಅಂತ ಗೊತ್ತಿದ್ದದ್ದು ಅವರೊಬ್ಬರಿಗೆ. ಹುಡುಗ ಮುಂದಿನ ಸೀಸನ್‌ನಲ್ಲಿ ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ಕರೆಯಿಂದ, ಅಂದರೆ ಕೋಣ ಓಡುವ ಗದ್ದೆಯಿಂದ, ಒಂದಿಷ್ಟು ಹಿಂದೆ ನಿಂತ. ಆ ಚಿತ್ರ ಎರಡು ಮೂರು ಸಲೋನ್‌ನಲ್ಲಿ ಆಯ್ಕೆ ಆಯಿತು.

ವಿಭಾಗ ಕೇಳೋದು ಸುಮ್ನೆ ಅಲ್ಲ. ರಂಗನತಿಟ್ಟಿನ ಬಣ್ಣದ ಕೊಕ್ಕರೆ ಚಿತ್ರಕ್ಕೆ "ತಲೆ ಹಿಂದಿನ ಆ ಬಿಳಿ ಕಡ್ಡಿ ಅಳಿಸಿಬಿಡಿ" ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ನೇಚರ್ ವಿಭಾಗದಲ್ಲಿ ಏನನ್ನೂ ಅಳಿಸುವಂತಿಲ್ಲ, ಸೇರಿಸುವಂತಿಲ್ಲ. ಕ್ರಾಪಿನಲ್ಲಿ ಹೋದರೆ ಹೋಯಿತು. ದೋಣಿಯನ್ನು ಎರಡಡಿ ಮುಂದೆ ಬಿಡಿಸಿ ತೆಗೆಯಬಹುದಿತ್ತು ಅನ್ನೋದು ಉಪಯೋಗದ ಮಾತು.

ನಡುವೆ ಒಂದೆರಡು ಚಿಲ್ಲರೆ ಪ್ರಯೋಗವೂ ನಡೆಯಿತು. ಒಂದೇ ಚಿತ್ರವನ್ನು ವಾಟ್ಸಾಪ್‌ಗೆ ರಾತ್ರಿ ಒಮ್ಮೆ, ಕೆಲವು ವಾರ ಬಿಟ್ಟು ನಡುಹಗಲಲ್ಲಿ ಒಮ್ಮೆ ಹಾಕಿದೆ. ರಾತ್ರಿ ಯಾರೂ ಸೊಲ್ಲೆತ್ತಲಿಲ್ಲ. ಹಗಲಲ್ಲಿ ಅದೇ ಜನ "ಕತ್ತಲೆ ಜಾಸ್ತಿ ಆಯ್ತು" ಅಂದರು. ಅಂದಿನಿಂದ ಬೆಳಕಿನ ಬಗ್ಗೆ ಫೋನ್ ನೋಡಿ ಹೇಳಿದ ಮಾತನ್ನು ನಾವು ಲೆಕ್ಕಕ್ಕೆ ಹಿಡಿಯೋದಿಲ್ಲ. ಹೆಸರು ಮುಚ್ಚಿಟ್ಟು ನೋಡಿದೆವು. ಎರಡನೇ ತಿಂಗಳಿಗೇ ಯಾರದ್ದು ಯಾವುದು ಅಂತ ಎಲ್ಲರಿಗೂ ಗೊತ್ತಾಗತೊಡಗಿತು, ಕೈಬಿಟ್ಟೆವು.

ಲೆಕ್ಕ ಹೇಳುತ್ತೇನೆ, ನೆನಪಿನಿಂದ. ಮೊದಲು ಸಲೋನ್ ಶುಲ್ಕಕ್ಕೆ ಒಬ್ಬೊಬ್ಬರು ವರ್ಷಕ್ಕೆ ಏಳೆಂಟು ಸಾವಿರ ಸುರಿಯುತ್ತಿದ್ದರು. ನಾಲ್ಕು ವಿಭಾಗಕ್ಕೆ ನಾಲ್ಕು ನಾಲ್ಕರಂತೆ ಹದಿನಾರು ಕಳಿಸಿದರೆ ಒಂದೋ ಎರಡೋ ಪಾಸ್. ಈಗ ಕಳಿಸೋದೇ ಕಡಿಮೆ, ಖರ್ಚು ಅರ್ಧ, ಹದಿನಾರಕ್ಕೆ ಐದಾರು ಆಯ್ಕೆ. ಪ್ರಿಂಟುಗಳನ್ನು ಯಾವ ಸರದಿಯಲ್ಲಿ ದಾಟಿಸುತ್ತೇನೆ, ಚೀಟಿ ಓದಿದ ಮೇಲೆ ಯಜಮಾನರಿಗೆ ಯಾವ ಪ್ರಶ್ನೆ ಹಾಕುತ್ತೇನೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಅದು ಬಂದು ಕೂತವರಿಗೆ.

ಮದುವೆ ಆಲ್ಬಮ್‌ಗೆ ಮಾತ್ರ ಈ ಪದ್ಧತಿ ಇನ್ನೂ ಒಗ್ಗಿಲ್ಲ. ಗಿರಾಕಿಯ ಕಣ್ಣು ಮೊದಲು ಹೋಗೋದು ತನ್ನ ಮುಖಕ್ಕೆ, ಆಮೇಲೆ ಸಿಕ್ಕಿಕೊಳ್ಳೋದೂ ಅಲ್ಲೇ. ಮದುಮಗಳ ಅತ್ತೆಗೇ ಒಂದು ಚೀಟಿ ಕೊಟ್ಟು ನೋಡೋಣ ಅಂತ ಸ್ಟುಡಿಯೋದವರು ಹೇಳುತ್ತಿದ್ದಾರೆ. ಪೇಮೆಂಟ್ ಬಂದ ಮೇಲೆ ಕೊಡಿ ಅಂದಿದ್ದೇನೆ.